ಮಾಲ್‌ನಲ್ಲಿ ಹೆಣ್ಣು ತೋರಿಸಿದ್ದು

ಹೋದ ಭಾನುವಾರ ನಮ್ಮನೆ ಹುಡುಗಿಯನ್ನು ಗಂಡಿನ ಕಡೆಯವರಿಗೆ ತೋರಿಸಿದೆವು. ಎಲ್ಲಿ ಗೊತ್ತಾ? ಮಾಲ್‌ನಲ್ಲಿ.

ನಗಬೇಡಿ. ಮರಳವಾಡಿಯ ನಮ್ಮಕ್ಕನ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಆಗ ಹೊರಗಿನವರು ಹೊಸಿಲು ದಾಟುವಂತಿಲ್ಲ, ಹುಳುವಿಗೆ ರೋಗ ತಗುಲೀತೆಂಬ ಭಯ. (ಬೀಗರಾಗುವವರಿಗೂ ರಿಯಾಯಿತಿ ಇಲ್ಲ.) ಅತ್ತ ಗುಡೇಮಾರನಹಳ್ಳಿಯ ಗಂಡಿನವರಿಗೆ ಆಷಾಢ ಬರುವುದರೊಳಗೆ ಮಾತು ಮುಗಿಸುವ ಆತುರ. ಕೊನೆಗೆ ಹೆದ್ದಾರಿ ಪಕ್ಕದ ಹೊಸ ಮಾಲ್ ಗೊತ್ತು ಮಾಡಿದೆವು. ಮುಂದೆ ಅಂಗಡಿ, ಹಿಂದೆ ಆಟದ ಪಾರ್ಕು.

ಹುಡುಗಿ ಸವಿತಾ, ಅಕ್ಕನ ಮಗಳು. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಹಿಂದೆ ಬಂದವರೆಲ್ಲ ಉಪ್ಪಿಟ್ಟು ತಿಂದು ಹೋಗಿ, ಬಣ್ಣ ಕಮ್ಮಿ ಅಂತ ಹೇಳಿ ಕಳಿಸಿದ್ದರು. ಹುಡುಗ ನಿನಗೆ ಹಿಡಿಸಿದನಾ ಅಂತ ಅವಳನ್ನು ಒಬ್ಬರೂ ಕೇಳಿರಲಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತೆ.

ಗೇಟಿನಲ್ಲೇ ಸೆಕ್ಯುರಿಟಿಯವನು ಅಕ್ಕನ ಕೇಸರಿಬಾತ್ ಡಬ್ಬಿ ತಡೆದ. ಹೊರಗಿನ ತಿಂಡಿ ಬಿಡೋದಿಲ್ಲವಂತೆ.

"ಬಾಯಿ ಸಿಹಿ ಮಾಡ್ದೆ ಹೆಣ್ಣು ತೋರ್ಸೋದು ಹೆಂಗೆ ಕಣಮ್ಮಿ?" ಅಕ್ಕ ಕಂಗಾಲು.

ಒಳಗೆ ಎಸ್ಕಲೇಟರ್ ಮುಂದೆ ಎರಡೂ ಕಡೆಯ ಹಿರಿಯರು "ನೀವ್ ಮೊದ್ಲು, ನೀವ್ ಮೊದ್ಲು" ಅಂತ ಮರ್ಯಾದೆ ಕೊಟ್ಟುಕೊಂಡು ನಿಂತರು. (ಮರ್ಯಾದೆಯಾ, ಭಯವಾ?) ಆಮೇಲೆ ಎಲ್ಲರೂ ಮೆಟ್ಟಿಲು ಹಿಡಿದೆವು.

ಹುಡುಗ ಮಹೇಶ, ಲೈನ್‌ಮನ್. ಪಾರ್ಕಿನಲ್ಲಿ ತೂಗುವ ದೊಡ್ಡ ದೋಣಿ ಕಂಡದ್ದೇ ಸವಿತಾ, "ಬತ್ತೀರಾ?" ಅಂತ ನೇರವಾಗಿ ಅವನನ್ನೇ ಕೇಳಿಬಿಟ್ಟಳು.

"ನಂಗೆ ಭಯ ಕಣ್ರೀ."

"ದಿನಾ ಕಂಬ ಹತ್ತೀರಂತೆ?"

"ಕಂಬ ಅಲ್ಲಾಡಕಿಲ್ಲ. ನೀವು ಹೋಗ್ಬನ್ನಿ, ಬ್ಯಾಗ್ ಹಿಡ್ಕೊಂಡಿರ್ತೀನಿ."

ಹೋದಳು. ದೋಣಿ ಮೇಲೇರಿದಾಗೆಲ್ಲ ಕೂಗಿ ಕೂಗಿ ನಕ್ಕಳು. ಅವಳು ಹಾಗೆ ನಕ್ಕದ್ದು ನೋಡಿ ಎಷ್ಟು ಕಾಲವಾಗಿತ್ತೋ, ನನಗೆ ಖುಷಿಯೋ ಖುಷಿ. ಈ ಸಂಬಂಧವೂ ಕೈತಪ್ಪಿತು ಅಂತ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮಹೇಶ ಮಾತ್ರ ಹೆಂಗಸರ ಬ್ಯಾಗು ಹೆಗಲಿಗೆ ಹಾಕಿಕೊಂಡು, ಯಾರು ಏನಂದುಕೊಂಡಾರು ಅನ್ನುವ ಯೋಚನೆಯೇ ಇಲ್ಲದೆ ನಿಂತಿದ್ದ.

ಹೊರಡುವಾಗ ಹುಡುಗನ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ವಾಡಿಕೆಯ ಮಾತು ತೆಗೆದರು: "ಊರಿಗೋಗಿ ಯೋಚ್ನೆ ಮಾಡಿ ತಿಳಿಸ್ತೀವಿ."

ಸವಿತಾ ಮೆತ್ತಗೆ ಅಂದಳು, "ಆಯ್ತು ಮಾವ. ನಾನೂ ಒಸಿ ಯೋಚ್ನೆ ಮಾಡಿ ತಿಳಿಸ್ತೀನಿ."

ದೊಡ್ಡಪ್ಪ ತಬ್ಬಿಬ್ಬು. ಮಹೇಶ ನೆಲ ನೋಡಿಕೊಂಡು ನಕ್ಕ.

ಬುಧವಾರ ಅವರ ಫೋನ್ ಬಂತು, ಒಪ್ಪಿಗೆ ಅಂತ. ಅಕ್ಕ ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಮಗಳ ಕಡೆ ತಿರುಗಿದಳು: "ನೀನೇನಂತೀಯವ್ವಾ?"

ಅವಳು ನಗುತ್ತಲೇ ಹೂಂ ಅಂದಳು.

ಇಷ್ಟು ಕೇಳುವುದಕ್ಕೆ ನಾವು ಮಾಲ್‌ವರೆಗೂ ಹೋಗಬೇಕಾಯಿತಾ?