ಕತ್ತಿಯ ದೋಷ ಮೊದಲು ಹೇಳುವ ಚಿಯೊಕೊ

ಒಕಾಯಾಮಾ ಪಟ್ಟಣದ ಕೋಟೆಯ ಹಿಂಬದಿ ಬೀದಿಯಲ್ಲಿ ಕತ್ತಿಯ ಅಂಗಡಿ ಇಟ್ಟಿದ್ದ ಇಸೊಬೆ ಚಿಯೊಕೊಳನ್ನು ಕಂಡರೆ ಉಳಿದ ವ್ಯಾಪಾರಿಗಳಿಗೆ ನಗು. ಗಿರಾಕಿ ಅಲಗನ್ನು ಬೆಳಕಿಗೆ ಹಿಡಿದು ಮೆಚ್ಚಿ ತಲೆದೂಗುವ ಮೊದಲೇ ಅವಳು, "ಇಲ್ಲಿ ನೋಡಿ, ಇಲ್ಲೊಂದು ಕೊರತೆ ಇದೆ" ಎಂದು ಬೆರಳು ತೋರಿಸಿಬಿಡುವಳು. ಅರ್ಧ ಗಿರಾಕಿಗಳು ಅಲ್ಲೇ ಎದ್ದು ಹೋಗುತ್ತಿದ್ದರು. ಉಳಿದ ಅರ್ಧ ಮತ್ತೆಂದೂ ಬೇರೆ ಅಂಗಡಿ ಹತ್ತುತ್ತಿರಲಿಲ್ಲ.

ಅವಳ ತಂದೆ ಕತ್ತಿಗೆ ಸಾಣೆ ಹಿಡಿಯುವವನು. ಒಂದೇ ಅಲಗಿನ ಮುಂದೆ ಹದಿನೈದು ದಿನ ಕೂತು, ಒಂದಕ್ಕಿಂತ ಒಂದು ನುಣುಪಾದ ಕಲ್ಲಿನ ಮೇಲೆ ತಿಕ್ಕಿ, ಉಕ್ಕಿನೊಳಗೆ ಅಡಗಿದ್ದನ್ನು ಕಣ್ಣಿಗೆ ಕಾಣಿಸುವ ಕೆಲಸ. ಮಗಳಿಗೆ ಅದನ್ನು ಕಲಿಸಲಿಲ್ಲ. ಬಕೆಟ್ಟಿನ ನೀರು ಬದಲಿಸುವುದಕ್ಕೆ ಮಾತ್ರ ಕರೆಯುತ್ತಿದ್ದ. ನೀರು ಬದಲಿಸುತ್ತಲೇ ಅವಳ ಕಣ್ಣು ಪಳಗಿತು. ಇಪ್ಪತ್ತೆರಡನೇ ವಯಸ್ಸಿಗೆ ಮುನಕಾತಾ ಎಂಬ ಮುದುಕನ ಅಂಗಡಿಯಲ್ಲಿ ಗುಮಾಸ್ತೆಯಾಗಿ ಸೇರಿದಳು. ಮಕ್ಕಳಿಲ್ಲದ ಆತ ಸಾಯುವಾಗ ಅಂಗಡಿಯನ್ನು ಅವಳ ಹೆಸರಿಗೆ ಬರೆದ. ವ್ಯಾಪಾರಿಗಳ ಹರಾಜಿಗೆ ಅವಳು ಮೊದಲ ಸಲ ಹೋದ ದಿನ ಒಬ್ಬ ದೊಡ್ಡ ಮನುಷ್ಯ, "ಚಹಾ ಎಲ್ಲಿ, ಅಮ್ಮ?" ಎಂದ. ಅವಳು, "ಚಹಾ ಆಮೇಲೆ ಬರುತ್ತೆ. ನೀವು ಈಗ ತಗೊಂಡ್ರಲ್ಲ, ಅದರ ತುದಿ ಒಂದ್ಸಲ ಮುರಿದು ತಿದ್ದಿರೋದು. ಮೊದ್ಲು ಅದನ್ನ ನೋಡ್ಕೊಳಿ" ಎಂದಳು. ಅಲ್ಲಿಂದಾಚೆ ಯಾರೂ ಅವಳನ್ನು ಚಹಾ ಕೇಳಲಿಲ್ಲ.

ಮುನಕಾತಾ ಮಾರುತ್ತಿದ್ದುದು ನೂರಾರು ವರ್ಷದ ಹಳೆಯ ಕತ್ತಿಗಳನ್ನು ಮಾತ್ರ. ಹೊಸ ಕತ್ತಿ ಕೊಂಡವನು ಅಂಗಡಿಯ ಹೊಸಿಲು ದಾಟುವಷ್ಟರಲ್ಲಿ ಅರ್ಧ ಬೆಲೆ ಕಳೆದುಕೊಂಡಿರುತ್ತಾನೆ ಎಂಬುದು ಆ ವ್ಯಾಪಾರದ ಮಾತು. ಚಿಯೊಕೊಗೆ ಅದು ಒಪ್ಪಿಗೆಯಾಗಲಿಲ್ಲ. "ಸತ್ತವರ ಕೈಕೆಲಸಾನೇ ಮಾರ್ಕೊಂಡು ಕೂತ್ರೆ ಬದುಕಿರೋರು ಏನು ತಿನ್ಬೇಕು?" ಎಂದು, ಈಗಲೂ ಕುಲುಮೆ ಹೊತ್ತಿಸುತ್ತಿದ್ದ ನಾಲ್ಕೈದು ಕಮ್ಮಾರರ ಕತ್ತಿಗಳನ್ನೂ ತಂದಿಟ್ಟಳು. ಅವರಲ್ಲಿ ಹೆಸರಾದವನು ಅಕಾಗಿ. ಅವನ ಒಂದು ಕತ್ತಿಗಾಗಿ ಜನ ಎರಡು ವರ್ಷ ಕಾಯುತ್ತಿದ್ದರು.

ಅವಳಿಗೆ ಅರವತ್ತನಾಲ್ಕು ತುಂಬಿದ ಶರತ್ಕಾಲದಲ್ಲಿ, ಒಳಗಡಲಿನ ಒಂದು ದ್ವೀಪದಿಂದ ನೊಗಾಮಿ ಎಂಬ ವೃದ್ಧ ಬಂದ. ಜರಿಯ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡಿದ್ದ. ಬಾಗಿಲ ಚೌಕಟ್ಟನ್ನು ಕೈಯಲ್ಲಿ ತಡವಿಕೊಂಡು ಒಳಗೆ ಕಾಲಿಟ್ಟದ್ದು ನೋಡಿಯೇ ಅವನಿಗೆ ಕಣ್ಣು ಸರಿಯಿಲ್ಲವೆಂದು ಚಿಯೊಕೊಗೆ ಗೊತ್ತಾಯಿತು.

"ನಾನು ದಾಟುದೋಣಿ ಕ್ಯಾಪ್ಟನ್ ಆಗಿದ್ದೋನಮ್ಮ," ಎಂದ. "ಸಮುದ್ರದ ಮೇಲೆ ದೊಡ್ಡ ಸೇತುವೆ ಬಂತು, ನನ್ನ ಹಡಗು ಹೋಯ್ತು. ಕೆಲಸ ಬಿಡಿಸುವಾಗ ಕಂಪನಿ ಕೈಗೆ ಕೊಟ್ಟ ಇಡಿಗಂಟಲ್ಲಿ ಈ ಕತ್ತಿ ಮಾಡ್ಸಿದೆ. ಹೆಂಡ್ತಿ ಒಂದು ತಿಂಗಳು ಮಾತಾಡ್ಲಿಲ್ಲ. ಆಮೇಲೆ ಮಾತಾಡಿದ್ಲು ನೋಡಿ, ಆ ಒಂದು ತಿಂಗಳೇ ಸುಖವಾಗಿತ್ತು ಅನ್ನಿಸ್ತು!"

ಚಿಯೊಕೊ ನಕ್ಕಳು. "ಈಗ್ಯಾಕೆ ಮಾರೋದು ಕ್ಯಾಪ್ಟನ್ರೇ?"

"ಕಣ್ಣು ಹೋಗ್ತಾ ಇದೆ. ಎಣ್ಣೆ ಸವರಿದ್ದು ಎಲ್ಲಿ, ಬಿಟ್ಟಿದ್ದು ಎಲ್ಲಿ ಗೊತ್ತಾಗಲ್ಲ. ಕುರುಡನ ಮನೇಲಿ ಕತ್ತಿಗೆ ತುಕ್ಕು ಹಿಡಿಯುತ್ತೆ. ಇದನ್ನ ನೋಡ್ಕೊಳ್ಳೋರ ಕೈಗೆ ಸೇರಿಸಿ."

ಅವಳು ಕತ್ತಿಗೆ ತಲೆಬಾಗಿ, ಬಿಳಿ ಮರದ ಒರೆಯಿಂದ ಅಲಗನ್ನು ನಿಧಾನವಾಗಿ ಎಳೆದಳು. ಅಂಚಿನುದ್ದಕ್ಕೂ ಲವಂಗದ ಮೊಗ್ಗು ಸಾಲಿಟ್ಟಂತೆ ಬಿಳಿಯ ಅಲೆಗೆರೆ. ಹಿಡಿ ಬಿಚ್ಚಿದಾಗ ಬುಡದಲ್ಲಿ ಅಕಾಗಿಯ ಹೆಸರು. ಕಮ್ಮಾರನಿಗೆ ಆಗಿನ್ನೂ ಇಪ್ಪತ್ತೇಳು ವರ್ಷ. ಗುರುವಿನ ಮನೆ ಬಿಟ್ಟು ಬಂದ ಹೊಸತು. ನೊಗಾಮಿ ಎದುರಿಗೆ ಕೂತು, ಕಾಣದ ಕಣ್ಣನ್ನು ಅರೆಮುಚ್ಚಿ, ಹಿಡಿಯಿಂದ ತುದಿಯವರೆಗೆ ಅಲೆ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಒಂದೊಂದಾಗಿ ಹೇಳುತ್ತ ಹೋದ. ಒಂದೂ ತಪ್ಪಲಿಲ್ಲ. ಆದರೆ ತುದಿಯಿಂದ ನಾಲ್ಕು ಬೆರಳು ಕೆಳಗೆ, ಉಕ್ಕಿನ ಪದರಗಳು ಬೆಸೆಯದೆ ಉಳಿದ ಒಂದು ಉಬ್ಬು ಅವಳ ಕಣ್ಣಿಗೆ ಬಿತ್ತು. ಅಕ್ಕಿಕಾಳಿನಷ್ಟು, ಪಳಗಿದ ಕಣ್ಣಿಗೆ ಮಾತ್ರ ಕಾಣುವಂಥದು. ಅದರ ಸುದ್ದಿ ಅವನು ಎತ್ತಲಿಲ್ಲ.

ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. "ಮೂರು ದಿನ ಬಿಟ್ಟು ಹೇಳ್ತೀನಿ" ಎಂದಳು. ನಲವತ್ತೆರಡು ವರ್ಷದಲ್ಲಿ ಅವಳು ಹೀಗೆ ಮಾಡಿದ್ದು ಅದೇ ಮೊದಲು.

ಚಿಯೊಕೊ ಫೋನಿನಲ್ಲಿ ವಿಷಯ ತಿಳಿಸಿದ ಸಂಜೆಯೇ ಅಕಾಗಿ ಬಂದ. ಅಲಗನ್ನು ಒಮ್ಮೆ ಬೆಳಕಿಗೆ ತಿರುಗಿಸಿದ, ಕೆಳಗಿಟ್ಟ.

"ಇಸೊಬೆ ಸಾನ್, ಇದನ್ನ ನಾನೇ ತಗೋತೀನಿ. ಅವರು ಅವತ್ತು ಕೊಟ್ಟಷ್ಟೂ ಕೊಡ್ತೀನಿ. ತಗೊಂಡು ಹೋಗಿ ಮುರಿದು ಹಾಕ್ತೀನಿ."

"ನಿಮಗೆ ಗೊತ್ತಿತ್ತಾ ಗುರುಗಳೇ?"

"ಗೊತ್ತಿತ್ತು. ಸಾಣೆಯಿಂದ ವಾಪಸ್ ಬಂದ ದಿನವೇ ಕಂಡೆ. ಹೆಂಡ್ತಿ ಬಸುರಿ. ಇನ್ನೊಂದು ಮಾಡೋಣ ಅಂದ್ರೆ ಉಕ್ಕಿಗೆ ದುಡ್ಡಿರ್ಲಿಲ್ಲ. ಅವರು ದೋಣಿ ಇಳಿದು ಓಡಿ ಬಂದ್ರು, ಕತ್ತಿ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಬಾಯಿ ಬರ್ಲಿಲ್ಲ ನಂಗೆ." ಅವನು ತನ್ನ ಸುಟ್ಟ ಕಲೆಗಳ ಕೈಯನ್ನು ನೋಡಿಕೊಂಡ. "ಅವರಿಗೆ ಹೇಳ್ಬೇಡಿ. ಪೂರ್ತಿ ಬೆಲೆ ಸಿಕ್ಕಿತು ಅಂತ ಸಂತೋಷವಾಗಿರ್ಲಿ."

ಚಿಯೊಕೊಗೆ ಆ ರಾತ್ರಿ ಊಟ ರುಚಿಸಲಿಲ್ಲ. ಅಕಾಗಿಯ ಮಾತು ಕೇಳಿದರೆ ಎಲ್ಲರಿಗೂ ಒಳ್ಳೆಯದು: ಮುದುಕನಿಗೆ ಹಣ, ಕಮ್ಮಾರನಿಗೆ ಮಾನ, ತನಗೆ ದಲ್ಲಾಳಿಯ ಪಾಲು. ಎಲ್ಲರಿಗೂ ಒಳ್ಳೆಯದಾಗುವ ಸುಳ್ಳಿಗೇ ಅವಳು ಹೆಚ್ಚು ಹೆದರುತ್ತಿದ್ದುದು. ಮೂರನೇ ದಿನ ಬೆಳಗ್ಗೆ ಕತ್ತಿಯನ್ನು ಹೆಗಲಿಗೇರಿಸಿ ದ್ವೀಪದ ದೋಣಿ ಹತ್ತಿದಳು.

ಉಬ್ಬಿನ ವಿಷಯ, ಗೊತ್ತಿದ್ದೂ ಅಕಾಗಿ ಕೊಟ್ಟದ್ದು, ಈಗ ಕತ್ತಿಯನ್ನು ಕೊಂಡು ಮುರಿಯುತ್ತೇನೆಂದದ್ದು, ಎಲ್ಲವನ್ನೂ ನೊಗಾಮಿ ಪೂರ್ತಿ ಕೇಳಿಸಿಕೊಂಡ. "ಎಲ್ಲಿದೆ? ಬೆರಳು ಇಡಿಸಿ" ಎಂದ. ಬೆರಳು ತಾಗಿದರೆ ಅಲಗು ಕೆಡುತ್ತದೆಂದು ಇಬ್ಬರಿಗೂ ಗೊತ್ತು. ಆದರೂ ಅವಳು ಅವನ ತೋರುಬೆರಳನ್ನು ಹಿಡಿದು ಆ ಉಬ್ಬಿನ ಮೇಲೆ ಇಟ್ಟಳು.

"ಇಷ್ಟೇನಾ?" ಎಂದ. ಆಮೇಲೆ ಅವನ ದನಿ ಏರಿತು. "ಅಕಾಗಿ ವರ್ಷಾ ವರ್ಷಾ ಹೊಸ ವರ್ಷದ ಕಾರ್ಡ್ ಕಳಿಸ್ತಿದ್ದ ಕಣಮ್ಮ. ಮೂವತ್ತೊಂದು ಕಾರ್ಡು! ಒಂದ್ರಲ್ಲಾದ್ರೂ ಒಂದು ಸಾಲು ಬರೀಬಾರ್ದಿತ್ತಾ? ನೋಡೋಕೆ ಆಗ ಕಣ್ಣಾದ್ರೂ ಇತ್ತು ನಂಗೆ. ನೋಡಿದ್ರೂ ನಾನು ಬಿಡ್ತಿರ್ಲಿಲ್ಲ ಇದನ್ನ."

"ಅವರು ಪೂರ್ತಿ ಬೆಲೆ ಕೊಡ್ತಾರಂತೆ."

"ಮುರಿಯೋಕೆ ತಾನೇ? ಕೊಡಲ್ಲ. ನೀವೇ ಮಾರಿ. ಇದರ ಕೊರತೆ ಬರೆದು ಹಾಕಿ ಮಾರಿ. ಮಾಡಿದೋನಿಗೆ ಗೊತ್ತಿತ್ತು ಅಂತಾನೂ ಬರೀರಿ." ಆಮೇಲೆ ಅವಳ ಕಡೆ ಮುಖ ತಿರುಗಿಸಿ, "ನೀವೂ ಮೂರು ದಿನ ಬಚ್ಚಿಟ್ಕೊಂಡ್ರಲ್ಲ!" ಎಂದ.

"ತಪ್ಪಾಯ್ತು" ಎಂದು ಚಿಯೊಕೊ ಚಾಪೆಗೆ ಹಣೆ ತಾಗುವಂತೆ ಬಾಗಿದಳು. ಸಮಾಧಾನದ ಮಾತೊಂದೂ ಸೇರಿಸಲಿಲ್ಲ.

ಕತ್ತಿ ಅಂಗಡಿಯ ಗಾಜಿನ ಹಿಂದೆ ಕೂತಿತು. ಪಕ್ಕದಲ್ಲಿ ಚೀಟಿ: 'ತುದಿಯ ಬಳಿ ಬೆಸುಗೆ ಕೂಡದ ಜಾಗವಿದೆ. ಮಾಡಿದವರಿಗೆ ತಿಳಿದಿತ್ತು, ಕೊಂಡವರಿಗೆ ತಿಳಿದಿರಲಿಲ್ಲ.' ಬೆಲೆ ಮೊದಲಿನದರ ಕಾಲುಭಾಗ. ಅಕಾಗಿ ಬಂದು ಚೀಟಿಯನ್ನು ಓದಿದ. ಬೈಯಲಿಲ್ಲ. ಅಂಗಡಿಯಲ್ಲಿದ್ದ ತನ್ನ ಎರಡು ಹೊಸ ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ. ಅವನ ಕತ್ತಿ ನೋಡಲೆಂದೇ ಬರುತ್ತಿದ್ದ ಗಿರಾಕಿಗಳೂ ಹಿಂದೆಯೇ ಹೋದರು. ಎರಡು ತಿಂಗಳು ಚಿಯೊಕೊ ಖಾಲಿ ಅಂಗಡಿಯಲ್ಲಿ ಕೂತು, ತಾನು ಮಾಡಿದ್ದು ನೇರವೋ ಕ್ರೂರವೋ ಎಂದು ಯೋಚಿಸಿದಳು. ಉತ್ತರ ದಿನಕ್ಕೊಂದು ಹೊಳೆಯುತ್ತಿತ್ತು.

ಚಳಿಗಾಲದ ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರ ಬಳಿಯಿಂದ ಮರಳುತ್ತಿದ್ದ ಹೆಂಗಸೊಬ್ಬಳು ಊದಿದ ಕೆನ್ನೆ ಹಿಡಿದುಕೊಂಡು ಚೀಟಿ ಓದಿ ಒಳಗೆ ಬಂದಳು. ಹಮಾನೊ ರಿತ್ಸುಕೊ, ಹಡಗು ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ವೆಲ್ಡರ್.

"ಆ ಬೆಸುಗೆ ನೋಡ್ಬೋದಾ?" ಎಂದಳು. ಕತ್ತಿಯನ್ನಲ್ಲ, ಬೆಸುಗೆಯನ್ನು. ಉಸಿರು ತಾಗದಂತೆ ಕರವಸ್ತ್ರ ಬಾಯಿಗೆ ಹಿಡಿದು ಬಗ್ಗಿ ನೋಡಿದಳು. "ಒಳಗೆ ಕಸ ಸೇರಿತ್ತಾ, ಇಲ್ಲಾ ಕಾವು ಸಾಲಲಿಲ್ವಾ?"

"ನಂಗೊತ್ತಿಲ್ಲಮ್ಮ. ಮಾಡಿದೋರನ್ನೇ ಕೇಳ್ಬೇಕು."

"ಕೇಳಿ ಮತ್ತೆ."

ಚಿಯೊಕೊ ಹಿಂಜರಿಯುತ್ತಲೇ ಅಕಾಗಿಗೆ ಫೋನ್ ಮಾಡಿ ರಿತ್ಸುಕೊಳ ಕೈಗೆ ಕೊಟ್ಟಳು. ಅವಳು ಅದೇ ಪ್ರಶ್ನೆ ಕೇಳಿದಳು. "ಕಾವು ಸಾಲಲಿಲ್ಲ. ಇದ್ದಿಲು ಉಳಿಸೋಕೆ ಹೋದೆ" ಎಂಬ ದನಿ ಚಿಯೊಕೊಗೂ ಕೇಳಿಸಿತು.

"ಅಯ್ಯೋ, ನಾನು ಹೋದ ವರ್ಷ ಬೇಗ ಮುಗಿಸೋಣ ಅಂತ ಹೋಗಿ ಎರಡು ಮೀಟರ್ ಬೆಸುಗೆ ಪೂರ್ತಿ ಕೆತ್ತಿ ಮತ್ತೆ ಹಾಕ್ದೆ!" ಎಂದು ರಿತ್ಸುಕೊ ನೋಯುವ ಕೆನ್ನೆಯಲ್ಲೇ ನಕ್ಕಳು. "ನಮಗಾದ್ರೆ ತಪ್ಪು ಹಿಡಿಯೋಕೆ ಮೆಷಿನ್ ಇದೆ ಗುರುಗಳೇ. ನಿಮಗಿಲ್ಲ. ಅದಕ್ಕೇ ನೀವೇ ಹೇಳ್ಬೇಕಿತ್ತು." ಅರ್ಧ ಗಂಟೆ ಇಬ್ಬರೂ ಬೆಂಕಿಯ ಬಣ್ಣದ ಮಾತಾಡಿದರು. ಮುಂದಿನ ವಾರ ಅವಳು ಹಣ ತಂದು ಕತ್ತಿ ಒಯ್ದಳು. ನೋಂದಣಿ ಪತ್ರವನ್ನು ಕೈಗಿಟ್ಟು ಚಿಯೊಕೊ, "ಇಪ್ಪತ್ತು ದಿನದೊಳಗೆ, ಕತ್ತಿಗಳ ದಾಖಲೆ ಇಡೋ ಶಿಕ್ಷಣ ಮಂಡಳಿಗೆ ನಿಮ್ಮ ಹೆಸರು ತಿಳಿಸ್ಬೇಕು, ಮರೀಬೇಡಿ" ಎಂದಳು.

ಹಣ ತಲುಪಿಸಲು ದ್ವೀಪಕ್ಕೆ ಹೊರಟ ದಿನ ಬಂದರಿನಲ್ಲಿ ಅಕಾಗಿ ನಿಂತಿದ್ದ. ಕಪ್ಪು ಕೋಟು ಹಾಕಿದ್ದ. "ನಾನೂ ಬರ್ಲಾ?" ಎಂದಷ್ಟೇ ಕೇಳಿದ.

ನೊಗಾಮಿಯ ಮನೆಯಲ್ಲಿ ಅವನು ನೆಲಕ್ಕೆ ಹಣೆಯಿಟ್ಟು ಏಳಲೇ ಇಲ್ಲ. ಮುದುಕ ಸದ್ದನ್ನು ಆಲಿಸುತ್ತ ಕೂತಿದ್ದವನು ಕೊನೆಗೆ, "ಏನಪ್ಪಾ, ನೀನು ತಲೆ ತಗ್ಗಿಸಿದ್ರೆ ನಂಗೆ ಕಾಣುತ್ತಾ? ಬಾಯಲ್ಲಿ ಹೇಳು" ಎಂದ.

ಅಕಾಗಿ ಬಾಯಲ್ಲಿ ಹೇಳಿದ. ಕಾವು ಸಾಲದ್ದು, ಕಂಡದ್ದು, ಕಂಡೂ ಕೊಟ್ಟದ್ದು, ಪ್ರತಿ ಹೊಸ ವರ್ಷಕ್ಕೂ ಬರೆಯಲು ಕೂತು ಬಿಟ್ಟದ್ದು. ನೊಗಾಮಿ ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕತ್ತಿ ಯಾರ ಮನೆ ಸೇರಿತು ಎಂದು ಕೇಳಿದ. ಹಡಗು ಬೆಸೆಯುವ ಹೆಂಗಸು ಎಂದು ಚಿಯೊಕೊ ಹೇಳಿದಾಗ "ಹಾಂ" ಎಂದು ಸಮುದ್ರದ ಕಡೆ ಮುಖ ತಿರುಗಿಸಿದ.

"ಕೊನೇ ದೋಣಿ ನಾಲ್ಕೂವರೆಗೆ. ಹೊರಡಿ ಇನ್ನು" ಎಂದ ಆಮೇಲೆ. ಎದ್ದು, ಗೋಡೆ ಹಿಡಿದು ನಡೆದು, ಸೂರಿನ ಕೆಳಗೆ ಒಣಹಾಕಿದ್ದ ಆಕ್ಟೋಪಸ್‌ಗಳನ್ನು ತಡವಿ ತಡವಿ ಎರಡನ್ನು ಇಳಿಸಿದ. ಹಳೆಯ ಪೇಪರಿನಲ್ಲಿ ಬೇರೆಬೇರೆಯಾಗಿ ಸುತ್ತಿ ಇಬ್ಬರಿಗೂ ಒಂದೊಂದು ಕೊಟ್ಟ. ಅಕಾಗಿಗೆ ಕೊಡುವಾಗ, "ಸಣ್ಣ ಉರಿಯಲ್ಲಿ ಸುಡು. ಅವಸರ ಮಾಡ್ಬೇಡ" ಎಂದ.

ದೋಣಿಯಲ್ಲಿ ಅಕಾಗಿ ಆ ಪೊಟ್ಟಣವನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದ. ವಸಂತದಲ್ಲಿ ಅವನ ಹೊಸ ಕತ್ತಿಯೊಂದು ಮತ್ತೆ ಮಾರಾಟಕ್ಕೆಂದು ಅವಳ ಅಂಗಡಿಗೆ ಬಂತು.