ಪೌಡರ್ ಹಾಕದ ಮನೆ

ಅಂಟುವಾಳದ ಕಾಯಿ ಕುದಿಯುವಾಗ ಬರುವ ವಾಸನೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಒದ್ದೆ ಮರ, ಹುಳಿ ಬಂದ ಬೆಲ್ಲ, ಯಾರೋ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಹೋದ ಬಚ್ಚಲು, ಇವುಗಳ ನಡುವೆ ಎಲ್ಲೋ ಇರುತ್ತದೆ. ಚಿಕ್ಕಬಳ್ಳಾಪುರದ ನಮ್ಮ ಮಹಡಿ ಮನೆಯಲ್ಲಿ ಈಗ ಫಿನಾಯಿಲ್ ಇಲ್ಲ, ಸೊಳ್ಳೆ ಬತ್ತಿ ಇಲ್ಲ, ಸಿಂಕಿನ ಕೆಳಗೆ ಬಣ್ಣಬಣ್ಣದ ಬಾಟಲಿಗಳಿಲ್ಲ. ನೆಲಕ್ಕೂ ಪಾತ್ರೆಗೂ ಅಂಟುವಾಳದ ನೀರು, ಸಂಜೆಗೆ ಬೇವಿನ ಸೊಪ್ಪಿನ ಹೊಗೆ, ತರಕಾರಿ ಸಿಪ್ಪೆಗೆ ಬಾಲ್ಕನಿಯ ಮಡಕೆ. ಎದುರು ಮನೆಯವರು ಮೆಚ್ಚಿಕೊಂಡು, "ನಿಮ್ಮಜ್ಜಿ ಮನೇಲೂ ಹಿಂಗೇ ಇತ್ತಂತಲ್ಲ, ನಮ್ಮ ಬಿಲ್ಡಿಂಗ್ ಗ್ರೂಪಿಗೆ ನಾಲ್ಕು ಮಾತು ಬರೆದು ಹಾಕಿ" ಅಂದರು. ಇತ್ತು, ನಿಜ. ಆದರೆ ಬರೆಯಲು ಕೂತಾಗಲೆಲ್ಲ ಗುಡಿಸಿ ಸಾರಿಸಿಟ್ಟ ಮನೆಯೊಂದೇ ಕಣ್ಣಿಗೆ ಬರುತ್ತದೆ, ಗುಡಿಸಿದವಳು ಬರುವುದಿಲ್ಲ. ಅಂಥ ಮನೆ ನಿಮಗೂ ಇದ್ದಿರಬಹುದು. ನಿಮ್ಮ ನೆನಪಿನಲ್ಲೂ ಅದು ಇಷ್ಟೇ ಚೊಕ್ಕಟವಾಗಿದ್ದರೆ ಸ್ವಲ್ಪ ಅನುಮಾನಪಡಿ.

ದಿಬ್ಬೂರಹಳ್ಳಿಯಿಂದಾಚೆಗಿನ ನಮ್ಮೂರಲ್ಲಿ ಆ ಮನೆಯ ಮುಕ್ಕಾಲು ಪಾಲು ರೇಷ್ಮೆ ಹುಳುಗಳದು, ಉಳಿದದ್ದು ನಮ್ಮದು. ಅಜ್ಜಿ, ಅಪ್ಪ, ಅಮ್ಮ, ಅಪ್ಪನ ತಂಗಿ ವನಜತ್ತೆ ಮತ್ತು ನಾನು ಹುಳುಗಳ ಮನೆಯಲ್ಲಿ ಬಾಡಿಗೆಗೆ ಇದ್ದವರ ಹಾಗೆ ಮೆತ್ತಗೆ ಓಡಾಡುತ್ತಿದ್ದೆವು. ಹುಳು ಸಾಕುವ ಮನೆಗೆ ಯಾವ ಘಾಟೂ ಆಗದು. ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ, ಸೆಂಟು, ಪೌಡರ್ ಹಾಕುವ ಹಾಗಿಲ್ಲ, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಅಂಗಳದ ಒಲೆಯಲ್ಲೇ ಮಾಡಬೇಕು. ಬೀಡಿ ಸೇದಿದವರು ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಒಳಗೆ ಬರಬೇಕು. ಹುಳು ತಿಂದುಳಿದ ಹಿಪ್ಪುನೇರಳೆ ಕಡ್ಡಿ ಒಲೆಗೆ, ಹಿಕ್ಕೆ ತೋಟದ ಗುಂಡಿಗೆ, ಅಮ್ಮನ ಹಳೇ ಸೀರೆ ನೊಣ ಬಾರದ ಹಾಗೆ ಕಿಟಕಿಗೆ. ಪ್ರಕೃತಿ, ಪರಿಸರ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಬರುತ್ತಿದ್ದದ್ದು ಒಂದೇ ಮಾತು: "ಹುಳಕ್ಕಾಗಲ್ಲ." ಗೂಡು ಮಾರಿ ಬಂದ ಮೇಲೆ ಅದೇ ಮನೆಗೆ ಅಪ್ಪ ಬ್ಲೀಚಿಂಗ್ ಪೌಡರಿನ ನೀರು ಹೊಡೆಯುತ್ತಿದ್ದರು, ನಮ್ಮ ಕಣ್ಣು ಉರಿದು ಕೆಂಪಾಗುತ್ತಿತ್ತು. ಇದನ್ನು ಗ್ರೂಪಿಗೆ ಬರೆದರೆ ಯಾರಿಗೂ ಹಿಡಿಸಲಿಕ್ಕಿಲ್ಲ.

ರಾತ್ರಿ ಸೊಪ್ಪು ಹಾಕಿದರೆ ಹುಳುಗಳು ಮೇಯುವ ಸದ್ದು ಹೆಂಚಿನ ಮೇಲೆ ಹನಿ ಮಳೆ ಬಿದ್ದ ಹಾಗಿರುತ್ತಿತ್ತು. ಆ ಸೊಪ್ಪು ಹಾಕುವ ಕೈ ವನಜತ್ತೆಯದು. ಹುಳುಗಳಿದ್ದ ಬಿದಿರು ತಟ್ಟೆಯ ತುಂಬ ಒಂದೇ ಸಮ ಉದುರಿಸುತ್ತಿದ್ದಳು, ಜ್ವರಕ್ಕೆ ಕೂತು, ಅಂದರೆ ಪೊರೆ ಕಳಚಲು ಮೇವು ಬಿಟ್ಟು ಕೂತ ಹುಳುವನ್ನು ದೂರದಿಂದಲೇ ಗುರುತಿಸುತ್ತಿದ್ದಳು. ಪಿಯುಸಿ ಮುಗಿಸಿದ್ದ ಅವಳಿಗೆ ಬೇಕಾಗಿದ್ದದ್ದು ಬೇರೆ. ಚಿಂತಾಮಣಿಯಲ್ಲಿ ಷಹೀನಕ್ಕ ಎಂಬವರ ಬ್ಯೂಟಿ ಪಾರ್ಲರ್ ಇತ್ತು. ಹುಳು ಜ್ವರಕ್ಕೆ ಕೂತು ಸೊಪ್ಪು ಬೇಡದ ದಿನಗಳಲ್ಲಿ ಅಲ್ಲಿಗೆ ಹೋಗಿ ಕೆಲಸ ಕಲಿತು, ಅಲ್ಲೇ ಸೇರಬೇಕೆಂದು ಹಟ ಹಿಡಿದಿದ್ದಳು. ಹೋಗಿ ಬಂದ ದಿನ ಬೀದಿ ನಲ್ಲಿಯ ಹತ್ತಿರ ಸೀಗೆಪುಡಿಯಲ್ಲಿ ಕೈ ಉಜ್ಜಿ ಉಜ್ಜಿ ತೊಳೆದರೂ ಅಜ್ಜಿ ಅವಳ ಅಂಗೈ ಮೂಸಿಯೇ ಒಳಗೆ ಬಿಡುತ್ತಿದ್ದಳು. ಒಂದು ಸಲ ಗುಂಡಿಗೆ ಹಿಕ್ಕೆ ಸುರಿಯುತ್ತಾ ಅತ್ತೆ ನನಗೆ ಹೇಳಿದಳು, "ಈ ಮನೇಲಿ ಹಿಕ್ಕೆನಾದ್ರೂ ತೋಟದವರ್ಗೂ ಹೋಗುತ್ತೆ ಕಣೇ. ನಂಗೆ ಅದೂ ಇಲ್ಲ." ನಾನು ನಕ್ಕೆ. ಅವಳೂ ನಕ್ಕಳೆಂದೇ ನೆನಪು.

ಅವಳನ್ನು ಕರೆದೊಯ್ಯುವ ಮಾತಾಡಲು ಷಹೀನಕ್ಕನೇ ಒಂದು ದಿನ ಬಂದರು. ಹುಳು ಎರಡನೇ ಜ್ವರ ಎದ್ದಿದ್ದ ಸಮಯ. ಅಜ್ಜಿ ಜಗಲಿಯಿಂದಲೇ ಕೈ ಅಡ್ಡ ಮಾಡಿದಳು. "ಏಮಮ್ಮಾ, ಅಲ್ಲೇ ನಿಂತ್ಕೊ. ಪೌಡರ್ ಹಾಕ್ಕೊಂಡಿದೀಯ."

"ಪೌಡರ್ ಅಂಗಡಿಯೋಳು ಪೌಡರ್ ಹಾಕ್ದೆ ಇರ್ತಾಳಾ ಅಮ್ಮ?" ಷಹೀನಕ್ಕ ಗೇಟಿನಾಚೆಯೇ ನಿಂತು ನಕ್ಕರು. "ವನಜನ್ನ ಕಳ್ಸಿಕೊಡಿ. ಹುಬ್ಬು ತೆಗೆಯೋ ದಾರ ಹಿಡಿದ್ರೆ ಅವಳ ಕೈ ನೋಡ್ತಾ ಕೂರಣ ಅನ್ಸುತ್ತೆ. ಸೋಮವಾರದಿಂದ್ಲೇ ಬರ್ಲಿ."

"ಈ ಬೆಳೆ ಆಗ್ಲಿ."

"ಹೋದ್ಸಲ ಕೇಳಿದಾಗ್ಲೂ ಇದನ್ನೇ ಹೇಳಿ ಕಳ್ಸಿದ್ರಂತೆ."

"ಹೋದ್ಸಲದ್ದು ಹೋದ್ಸಲದ ಬೆಳೆ ಕಣಮ್ಮ. ಇದು ಬೇರೆ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತೆಯ ಕೈಯಲ್ಲಿ ಸೊಪ್ಪಿನ ಬುಟ್ಟಿ ಇತ್ತು. ಅಜ್ಜಿ ಕೆಟ್ಟವಳಲ್ಲ. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಬಿಡುವು ಇರುತ್ತದೆಂದು ಅವಳೂ ನಂಬಿದ್ದಳು. ಆದರೆ ಗೂಡು ಮಾರಿ, ಮನೆ ತೊಳೆದು ಮುಗಿಸುವಷ್ಟರಲ್ಲಿ ಮುಂದಿನ ಮರಿಹುಳು ಬಂದಿರುತ್ತಿತ್ತು.

ಕೊನೆಯ ಜ್ವರ ಎದ್ದ ಮೇಲೆ ಒಂದು ಬೆಳಿಗ್ಗೆ ಆ ಮಳೆಯ ಸದ್ದು ನಿಂತಿತ್ತು. ಹುಳುಗಳು ತಲೆ ಎತ್ತಿ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಹಿಂದಿನ ದಿನ ಅತ್ತೆ ಯಾರ ಮಾತೂ ಕೇಳದೆ ಚಿಂತಾಮಣಿಗೆ ಹೋಗಿ, ಸೋಮವಾರ ಬಂದೇ ಬರುತ್ತೇನೆಂದು ಹೇಳಿ ಬಂದಿದ್ದಳು. ಅಜ್ಜಿ ಅವಳ ಎರಡೂ ಅಂಗೈ ಹಿಡಿದು ಮೂಸಿದಳು. "ಕೈ ತೊಳ್ದೆ ಅಮ್ಮ," ಅಂದಳು ಅತ್ತೆ. "ತೊಳ್ದಿದ್ರೆ ಇವು ಹಿಂಗ್ಯಾಕೆ ಮಾಡ್ತಿದ್ವು?" ಅಂದಳು ಅಜ್ಜಿ. ಅತ್ತೆಯ ಕುತ್ತಿಗೆಯಲ್ಲಿ ಬಿಳಿ ಪೌಡರಿನ ಗೆರೆ ಇತ್ತೆಂದು ನನಗೆ ಒಂದೊಂದು ದಿನ ಖಚಿತವಾಗಿ ನೆನಪಾಗುತ್ತದೆ. ಇನ್ನೊಂದು ದಿನ ಅದೇ ಕುತ್ತಿಗೆ ಬರಿದಾಗಿರುತ್ತದೆ. ನಮ್ಮ ಸೊಪ್ಪಿನ ತೋಟಕ್ಕೆ ಅಂಟಿಕೊಂಡಿದ್ದ ಹೊಲದಲ್ಲಿ ಟೊಮೊಟೊಗೆ ಔಷಧಿ ಹೊಡೆದಿದ್ದರು, ಗಾಳಿ ನಮ್ಮ ಕಡೆಗಿತ್ತು, ಹುಳು ಸತ್ತದ್ದು ಆ ಸೊಪ್ಪಿಗೆ. ಇದನ್ನು ಹೇಳಿದ್ದು ಅಪ್ಪ. ಅವರು ಅದನ್ನು ಆ ಬೆಳಿಗ್ಗೆಯೇ ಹೇಳಿದರೋ, ಎಷ್ಟೋ ವರ್ಷದ ಮೇಲೆ ನನ್ನೊಬ್ಬಳಿಗೆ ಹೇಳಿದರೋ, ಎಷ್ಟು ಕೆದಕಿದರೂ ತಿಳಿಯುತ್ತಿಲ್ಲ. ಆ ಬೆಳಿಗ್ಗೆಯೇ ಹೇಳಿದ್ದರೆ ಅತ್ತೆಯ ಬದುಕು ಬೇರೆಯಾಗುತ್ತಿತ್ತು ಎಂಬುದಷ್ಟೇ ತಿಳಿಯುತ್ತದೆ.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಅದೇ ಮನೆಯಲ್ಲಿ ಕೊನೆವರೆಗೂ ಇದ್ದ ಅತ್ತೆಯೂ ಇಲ್ಲ. ಮನೆ ಬೇರೆಯವರದಾಗಿ ಕೋಳಿ ಫಾರಂ ಆಗಿದೆ. ನಾನು ತಿದ್ದದೆ ಉಳಿಸಿಕೊಂಡಿದ್ದೇನೆ ಅಂದುಕೊಂಡಿರುವುದು ಆ ಸೋಮವಾರವನ್ನು ಮಾತ್ರ. ಸತ್ತ ಹುಳುಗಳನ್ನು ಗುಂಡಿ ತೋಡಿ ಮುಚ್ಚಿಯಾಗಿತ್ತು. ಮುಂದಿನ ಮರಿ ತರುವುದೋ ಬೇಡವೋ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಚಿಂತಾಮಣಿ ಬಸ್ಸಿನ ಹೊತ್ತಿಗೆ ಷಹೀನಕ್ಕನ ಫೋನ್ ಬಂತು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಅತ್ತೆ ಫೋನ್ ಎತ್ತಿಕೊಂಡು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಇಲ್ಲ ಅಕ್ಕ, ಬರಕ್ಕಾಗಲ್ಲ," ಅಂದಳು. "ಮನೇಲಿ ಹುಳ ಇದಾವೆ."

ಅಜ್ಜಿ ತಲೆ ಎತ್ತಲಿಲ್ಲ. ಅಂಗಳದ ತುಂಬ ತೊಳೆದ ಖಾಲಿ ತಟ್ಟೆಗಳು ಬಿಸಿಲಿಗೆ ಒಣಗುತ್ತಿದ್ದವು.