ಸಾಂಬಾರಿನ ಕೂದಲು ಯಾರದ್ದು?

ಹೋದ ವಾರ ನಮ್ಮ ಹೋಟೆಲಿನ ಸಾಂಬಾರಿನಲ್ಲಿ ಕೂದಲು ಸಿಕ್ಕಿತು. ಗೇಣುದ್ದ, ಕಡುಕಪ್ಪು. ಗಿರಾಕಿ ಅದನ್ನು ಚಮಚದ ತುದಿಯಲ್ಲಿ ಎತ್ತಿ ಪಕ್ಕದ ಟೇಬಲ್ಲುಗಳಿಗೂ ತೋರಿಸಿದರು. ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುವವನಿಗೆ ಇದಕ್ಕಿಂತ ಗಂಡಾಂತರ ಯಾವುದು?

ನಾನೇನು ಮಾಡಿದೆ? ಅಡಿಗೆ ನೋಡಿಕೊಳ್ಳುವ ತಂಗಿ ಶಾರದೆಯನ್ನು ಹೊರಗೆ ಕರೆದು ಅಷ್ಟೂ ಜನರ ಮುಂದೆ ಬೈದೆ. ಹಿಂದಿಯಲ್ಲಿ (ಅವರಿಗೂ ಅರ್ಥವಾಗಲಿ ಎಂದು). ಅವಳ ಜಡೆ ಸೊಂಟ ದಾಟುತ್ತದೆ. ಬೇರೆ ಸಾಕ್ಷಿ ಬೇಕೆ?

ಅವಳು ಕೂದಲನ್ನು ತೊಳೆದು ಎತ್ತಿಟ್ಟಳು. ಮಧ್ಯಾಹ್ನ ಹೋಟೆಲು ಖಾಲಿಯಾದ ಮೇಲೆ ಕರೆದಳು.

"ಅಣ್ಣ, ಇದು ನನ್ನ ತಲೆದ್ದಲ್ವಾ? ನೋಡುವ ಹಾಗಾದ್ರೆ."

ತನ್ನದೊಂದು ಕೂದಲು ಕಿತ್ತು, ಅದಕ್ಕೆ ಪುಟ್ಟ ಬಟ್ಟೆಚೀಲ ತೂಗುಹಾಕಿ ನಿಂಬೆಹಣ್ಣು ತುಂಬತೊಡಗಿದಳು. ಕೂದಲು ರಬ್ಬರಿನಂತೆ ತುಸು ಹಿಗ್ಗಿ ಪಟ್ಟೆಂದು ತುಂಡಾಯಿತು. ಸಾಂಬಾರಿನ ಕೂದಲಿಗೆ ಅದೇ ಚೀಲ. ನಿಂಬೆಹಣ್ಣಿನ ಮೇಲೆ ಬಟಾಟೆ ಹಾಕಿದರೂ ತುಂಡಾಗಲಿಲ್ಲ.

"ನನ್ನ ತಲೆಯಲ್ಲಿ ಇಂಥದ್ದು ಇದ್ದಿದ್ರೆ ಬಾವಿಗೆ ಹಗ್ಗ ತರುವ ಕೆಲಸ ಇರ್ಲಿಲ್ಲ ಮಾರಾಯ."

(ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಗಳ ಪಾಠಪುಸ್ತಕ ನೋಡಿ ತಿಳಿದದ್ದು: ಕೂದಲಿನ ಒಳಗೆ ಹಗ್ಗದ ಹಾಗೆ ಎಳೆಗಳು, ಹೊರಗೆ ಹಂಚು ಹೊದಿಸಿದಂತೆ ಪದರ. ಮನುಷ್ಯನದ್ದಾದರೂ ಪ್ರಾಣಿಯದ್ದಾದರೂ ಕಟ್ಟೋಣ ಒಂದೇ. ದಪ್ಪವಿದ್ದಷ್ಟು ಬಲ.)

ಆಮೇಲೆ ಅವಳು ಒಂದು ಬ್ರಷ್ಷನ್ನು ನನ್ನ ಮುಂದಿಟ್ಟಳು. ರುಬ್ಬುವ ಕಲ್ಲಿನಿಂದ ಮಸಾಲೆ ಗುಡಿಸಿ ತೆಗೆಯಲು ಊರಿನಲ್ಲಾದರೆ ತೆಂಗಿನ ನಾರು ಸಾಕು. ಇಲ್ಲಿ ಅದು ಸಿಗದೆ, ಮಗ್ಗದ ಸಾಮಾನಿನ ಅಂಗಡಿಯಿಂದ ಈ ಉದ್ದಕೂದಲಿನ ಕಪ್ಪು ಬ್ರಷ್ ತಂದವನು ನಾನೇ. ಓಡಿಹೋಗಿ ಅಂಗಡಿಯವನನ್ನು ಕೇಳಿದೆ.

"ಘೋಡಾನೀ ಪೂಂಛಡೀ, ಶೇಠ್," ಎಂದ ಹೆಮ್ಮೆಯಿಂದ. ಕುದುರೆಯ ಬಾಲ!

ವಾಪಸು ಬಂದು ಶಾರದೆಗೆ "ತಪ್ಪಾಯ್ತು" ಎಂದೆ.

"ಬೈದದ್ದು ಎಲ್ಲರೆದುರು. ತಪ್ಪಾಯ್ತು ಹೇಳುವುದು ಒಲೆ ಎದುರಾ?"

ನ್ಯಾಯವೇ. ಮರುದಿನ ಅದೇ ಗಿರಾಕಿ ಬಂದು, "ಬೆಹನ್‌ಜೀ ಈಗ ತಲೆಗೆ ಬಟ್ಟೆ ಕಟ್ಟುತ್ತಾರೆ ತಾನೆ?" ಎಂದು ನಕ್ಕರು. ಹೇಳಲು ಬಾಯಿ ತೆರೆದೆ. ಆದರೆ ಕುದುರೆ ಬಾಲ ಎಂದರೆ ನಾಳೆ ನಮ್ಮಲ್ಲಿಗೆ ಯಾರು ಬಂದಾರು? "ಮಸಾಲೆ ದೋಸೆ ತರಿಸಲೇ?" ಎಂದುಬಿಟ್ಟೆ. ಒಳಗೆ ಪಾತ್ರೆಗಳ ಸದ್ದು ಜೋರಾಯಿತು.

ಅದಕ್ಕೇ ಈ ವಾರ ಪತ್ರಿಕೆಯ ಈ ಅಂಕಣದಲ್ಲಿ ನಿಮ್ಮೆಲ್ಲರೆದುರು ಬರೆಯುತ್ತಿದ್ದೇನೆ: ಕೂದಲು ತಂಗಿಯದ್ದಲ್ಲ, ತಪ್ಪು ನನ್ನದು. ಇಷ್ಟು ಬರೆದು ಅವಳಿಗೆ ಓದಿ ಹೇಳಿದೆ.

"ಚೆಂದ ಉಂಟು ಅಣ್ಣ," ಎಂದಳು. "ಆವತ್ತು ಅಲ್ಲಿ ಕೂತವರಲ್ಲಿ ಕನ್ನಡ ಓದುವವರು ಯಾರು?"